ಗೆದ್ದವರು ಕೊಡುವ ನೀರು

ವಾಡಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಗನಿಸಾಬನ ಅಂಗಡಿ ಯಾವುದು ಎಂದು ಕೇಳಿದರೆ ಈಗಲೂ ನಾಲ್ಕು ಜನ ಕೈ ತೋರಿಸುತ್ತಾರೆ. ಅಂಗಡಿ ಇಲ್ಲ, ಗನಿಸಾಬನೂ ಇಲ್ಲ. ಜನರ ನೆನಪಿನಲ್ಲಿ ಉಳಿದಿರುವುದು ಅವನ ಕೆಮ್ಮು, ಮತ್ತು ಬಾಗಿಲಿಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ "ಕುಂದ್ರಿ" ಎಂಬ ಒಂದು ಮಾತು. ಫಕೀರ ಬಂದರೂ ಕುಂದ್ರಿ, ಲೈಟ್ ಬಿಲ್ಲಿನವನು ಬಂದರೂ ಕುಂದ್ರಿ, ಜಗಳಕ್ಕೆ ಬಂದವನಿಗೂ ಮೊದಲು ಕುಂದ್ರಿ, ಆಮೇಲೆ ಜಗಳ. ಎಂಥ ನಯವಂತ ಎಂದು ಕೆಲವರು ಹೊಗಳಿದರು, ಎಂಥ ಚಟ ಎಂದು ಕೆಲವರು ನಕ್ಕರು. ನಯವೂ ಅಲ್ಲ, ಚಟವೂ ಅಲ್ಲ. ಆ ಮಾತನ್ನು ತನ್ನ ಮಗನಿಗೆ ಲೋಕದಲ್ಲಿ ಯಾರಾದರೂ ಒಬ್ಬರು ಹೇಳಲಿ ಎಂದು ಅವನು ಜನ್ಮವಿಡೀ ಕಾದಿದ್ದ. ಕಾಯುವವನು ಮೊದಲು ತಾನು ಹೇಳಿ ತೋರಿಸಬೇಕಲ್ಲ.

ಗನಿಸಾಬ ಹುಟ್ಟಿದ್ದು ಶಹಾಬಾದಿನಲ್ಲಿ, ಬೆಳೆದದ್ದು ಖಣಿಯಲ್ಲಿ. ಅಲ್ಲಿಯ ನೆಲವೇ ಪದರ ಪದರ. ಹಾರೆ ಹಾಕಿ ಎಬ್ಬಿಸಿದರೆ ರೊಟ್ಟಿಯ ಹಾಗೆ ಕಲ್ಲು ಏಳುತ್ತದೆ. ಅದೇ ಪರಸಿ, ಅರ್ಧ ದೇಶದ ಮನೆಗಳಿಗೆ ನೆಲವಾದ ಕಲ್ಲು. ಆ ಪರಸಿಯ ಮೇಲೆಯೇ ಖಣಿಯವರು ಉಳಿಯಿಂದ ಗೆರೆ ಕೊರೆದು ಮಧ್ಯಾಹ್ನದ ರೊಟ್ಟಿಯಾದ ಮೇಲೆ ಚೌಕಾಬಾರ ಆಡುತ್ತಿದ್ದರು. ಅವರ ಆಟಕ್ಕೆ ಒಂದು ಕಟ್ಟಳೆ ಇತ್ತು. ಸೋತವನು ಎದ್ದು ಜಾಗ ಬಿಡಬೇಕು. ಆದರೆ ಅವನು ಏಳುವ ಮುಂಚೆ ಗೆದ್ದವನು ಕೊಡದಿಂದ ಒಂದು ಗ್ಲಾಸು ನೀರು ತಂದು ತನ್ನ ಕೈಯಾರೆ ಅವನಿಗೆ ಕೊಡಬೇಕು. ಗೆದ್ದವನಿಗೆ ಸೊಕ್ಕು ಬರಬಾರದು, ಸೋತವನ ಗಂಟಲು ಒಣಗಬಾರದು ಎಂದು ಹಿರಿಯರು ಹೇಳುತ್ತಿದ್ದರು. ಆ ನೀರು ಕುಡಿದ ಮೇಲೆ ಆಟದ ಸಿಟ್ಟು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ.

ಗನಿಸಾಬನಿಗೂ ಹೆಂಡತಿ ಹಮೀದಾಬಿಗೂ ಒಬ್ಬನೇ ಮಗ, ಮುಬೀನ. ನಾಲ್ಕು ವರ್ಷದವನಿದ್ದಾಗ ಮಿದುಳಿಗೆ ಜ್ವರ ಏರಿತು. ಜ್ವರ ಇಳಿಯಿತು, ಆದರೆ ಹೋಗುವಾಗ ಬಲಗೈಯನ್ನು ಮುಷ್ಟಿ ಕಟ್ಟಿಸಿ ಹೋಯಿತು, ನಾಲಿಗೆಯನ್ನು ಅರ್ಧ ಒಯ್ದಿತು. ಮಾತು ತಿಳಿಯುತ್ತಿತ್ತು, ಮರಳಿ ಆಡಲು ಹೊತ್ತು ಹಿಡಿಯುತ್ತಿತ್ತು. ಅವನ ಒಂದು ಮಾತು ಹೊರಬರುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಿದ್ದರು. ಶಾಲೆಯಲ್ಲಿ ಬಾಗಿಲ ಬಳಿ ನಿಲ್ಲಿಸಿದರು. ಮದುವೆಮನೆಗಳಲ್ಲಿ ಉಳಿದ ಹುಡುಗರೆಲ್ಲ ಊಟಕ್ಕೆ ದಸ್ತರಖಾನಿಗೆ ಕುಳಿತರೆ ಇವನನ್ನು ಆಮೇಲೆ ಉಣಿಸಿದರಾಯಿತು ಎಂದು ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದರು. ಯಾರೂ ಕೆಟ್ಟವರಲ್ಲ. ಯಾರೂ ಅವನಿಗೆ ಕುಂದರು ಅನ್ನಲಿಲ್ಲ, ಅಷ್ಟೆ.

ಹತ್ತು ವರ್ಷದ ಮುಬೀನನನ್ನು ಕರೆದುಕೊಂಡು ಗನಿಸಾಬ ಕಲಬುರ್ಗಿಗೆ ಒಂದು ಮದುವೆಗೆ ಹೋಗಿದ್ದ. ಬೀಗರ ಮನೆಯಲ್ಲಿ ಟೀವಿಗೆ ತಂತಿ ಹಾಕಿ ಹುಡುಗರು ವಿಡಿಯೋ ಗೇಮ್ ಆಡುತ್ತಿದ್ದರು. ಪರದೆಯ ಮೇಲೆ ಬೆರಳುದ್ದದ ಇಬ್ಬರು ಪೈಲ್ವಾನರು ಕುಸ್ತಿ ಹಿಡಿದಿದ್ದರು. ಗೋಡೆಗೆ ನಿಂತಿದ್ದ ಮುಬೀನ ಗಟ್ಟಿಯಾಗಿ ನಕ್ಕ. ಜ್ವರ ಬಂದು ಹೋದ ಮೇಲೆ ಮಗನ ನಗು ಗನಿಸಾಬ ಕೇಳಿದ್ದು ಅದೇ ಮೊದಲು. ಅವನು ಉಣ್ಣುವುದನ್ನು ಬಿಟ್ಟು ಮಗನನ್ನೇ ನೋಡುತ್ತ ನಿಂತ.

ಅದೇ ಹೊತ್ತಿಗೆ ಕಲ್ಲಿನ ಧೂಳು ಅವನ ಎದೆಯೊಳಗೆ ಮನೆ ಮಾಡಿತ್ತು. ಖಣಿ ಬಿಡು, ಇಲ್ಲವಾದರೆ ಜೀವ ಬಿಡು ಎಂದು ಡಾಕ್ಟರು ಹೇಳಿದರು. ಖಣಿ ಬಿಟ್ಟವರು ಚಹಾದ ಅಂಗಡಿ ಇಡುತ್ತಾರೆ, ಪಾನಪಟ್ಟಿ ಇಡುತ್ತಾರೆ. ಗನಿಸಾಬ ವಾಡಿಗೆ ಬಂದು ವಿಡಿಯೋ ಗೇಮಿನ ಅಂಗಡಿ ಇಟ್ಟ. ತಲೆ ಕೆಟ್ಟಿದೆ ಎಂದರು ಬಳಗದವರು. ಹಮೀದಾಬಿ ಮಾತ್ರ ಏನೂ ಅನ್ನಲಿಲ್ಲ. ಆ ನಗು ಅವಳಿಗೂ ಬೇಕಾಗಿತ್ತು.

ಆದರೆ ಗೇಮಿನ ಕೈಹಿಡಿ ಪ್ಲಾಸ್ಟಿಕ್ಕಿನದು, ಅಂಗೈಯಷ್ಟು, ಗುಂಡಿಗಳು ಕಡಲೆಕಾಳಿನಷ್ಟು. ಮುಬೀನ ಮುಷ್ಟಿಯಿಂದ ಒತ್ತಿದರೆ ಅದು ಜಾರಿ ಗೋಡೆಗೆ ಹೋಗಿ ಬೀಳುತ್ತಿತ್ತು. ಗನಿಸಾಬ ಎರಡು ದಿನ ಯೋಚನೆ ಮಾಡಿ, ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದ. ಒಂದು ದಪ್ಪ ಪರಸಿ ಆರಿಸಿ, ಬಲಕ್ಕೆ ಮಗನ ಮುಷ್ಟಿ ಕೂಡುವಂಥ ಕುಳಿ ಕಡೆದ, ಎಡಕ್ಕೆ ಬೆರಳು ಆಡುವಷ್ಟು ಜಾಗ ಬಿಟ್ಟ. ಶಹಾಬಾದಿನ ರೇಡಿಯೋ ರಿಪೇರಿಯ ಮಜೀದಸಾಬ ಕೈಹಿಡಿಯ ಕರುಳು ಬಿಚ್ಚಿ ಕಲ್ಲಿನ ಕೆಳಗೆ ತಂತಿ ಎಳೆದು, ಮಂಚದ ಕಾಲಿನ ಕಟ್ಟಿಗೆಯ ದುಂಡು ಗುಬಟಿಗಳನ್ನು ಗುಂಡಿಯ ಜಾಗಕ್ಕೆ ಕೂಡಿಸಿದ. ಮುಬೀನ ಎಷ್ಟು ಜೋರಾಗಿ ಗುದ್ದಿದರೂ ಕಲ್ಲು ಅಲುಗಲಿಲ್ಲ.

ಹೀಗೆ ತೊಂಬತ್ತೈದರ ಆಸುಪಾಸಿಗೆ ಅಂಗಡಿ ಶುರುವಾಯಿತು. ಮೂರು ಟೀವಿ, ಮೂರು ಸೆಟ್ಟು, ಒಂದಿಷ್ಟು ಕ್ಯಾಸೆಟ್ಟು. ಮೂಲೆಯಲ್ಲಿ ಮುಬೀನನ ಕಲ್ಲು. ಖಣಿಯ ಕಟ್ಟಳೆಯೇ ಅಂಗಡಿಯ ಕಟ್ಟಳೆಯಾಯಿತು: ಸೋತವ ಏಳಬೇಕು, ಗೆದ್ದವ ನೀರು ಕೊಡಬೇಕು. ನಮ್ಮ ಕಡೆ ಕರೆಂಟಿನ ಹಣೆಬರಹ ಗೊತ್ತಿದ್ದದ್ದೇ, ಅದಕ್ಕಾಗಿ ಇನ್ನೊಂದು ಕಟ್ಟಳೆ ಸೇರಿತು: ಕರೆಂಟ್ ಹೋದರೆ ಯಾರೂ ಸೋತಂತಲ್ಲ. ಫ್ಯಾನು ನಿಂತಿತೋ, ಇಬ್ಬರೂ ಕುಳಿತಲ್ಲೇ ಇರಬೇಕು, ಬಂದ ಮೇಲೆ ಮೊದಲಿನಿಂದ ಆಡಬೇಕು.

ಕುಸ್ತಿಯ ಆಟದಲ್ಲಿ ಮುಬೀನನನ್ನು ಸೋಲಿಸುವವರು ವಾಡಿಯಲ್ಲಿ ಇರಲಿಲ್ಲ. ಮಾತಿಗೆ ತಡವಾಗುತ್ತಿದ್ದವನು ಮುಷ್ಟಿಗೆ ತಡ ಮಾಡುತ್ತಿರಲಿಲ್ಲ. ಚಿತ್ತಾಪುರದಿಂದ, ಸೇಡಂನಿಂದ ಹುಡುಗರು ರೈಲು ಹತ್ತಿ ಬಂದು ಅವನ ಎದುರು ಕುಳಿತು ಸೋತು, ಅವನ ಕೈಯಿಂದ ನೀರು ಕುಡಿದು ಹೋದರು. ಎಡಗೈಯಲ್ಲಿ ಗ್ಲಾಸು ಹಿಡಿದು, ಅರ್ಧ ನೀರು ಚೆಲ್ಲುತ್ತ ಅವನು ಬರುವುದನ್ನು ಎಲ್ಲರೂ ಕಾಯುತ್ತಿದ್ದರು. ಅಂಗಡಿಗೆ ಬಂದವರು ಅವನಿಗೆ, "ಉಸ್ತಾದ, ಕುಂದರಪ. ಒಂದ್ ಕೈ ನೋಡೇ ಬಿಡೂನು" ಎನ್ನುತ್ತಿದ್ದರು. ಗನಿಸಾಬ ಆ ಮಾತು ಕೇಳಿದಾಗಲೆಲ್ಲ ಬೇರೆ ಕಡೆ ಮುಖ ತಿರುಗಿಸಿ ಸುಳ್ಳು ಸುಳ್ಳೇ ಕೆಮ್ಮುತ್ತಿದ್ದ. ಸುಖ ಬಂದರೆ ಮುಚ್ಚಿಡಲು ಅವನ ಹತ್ತಿರ ಇದ್ದದ್ದು ಕೆಮ್ಮೊಂದೇ.

ಹಾಗೆ ಬಂದವರಲ್ಲಿ ಧೀರೇಂದ್ರ ಮಾಸ್ತರರ ಮಗ ಕೌಸ್ತುಭನೂ ಒಬ್ಬ. ಆಚಾರದ ಮನೆಯ ಹುಡುಗ. ಹೊರಗೆ ನೀರು ಮುಟ್ಟುವಂತಿರಲಿಲ್ಲ. ಅದಕ್ಕೇ ಅವನು ತಿಂಗಳುಗಟ್ಟಲೆ ಬರೀ ನೋಡುತ್ತ ನಿಂತ. ಒಂದು ದಿನ ಆಸೆ ತಡೆಯಲಾರದೆ ಮುಬೀನನ ಎದುರು ಕುಳಿತ, ಸೋತ. ಮುಬೀನ ನೀರು ತಂದು ಹಿಡಿದ. ಹುಡುಗ ಗ್ಲಾಸು ನೋಡಿದ, ಬಾಗಿಲು ನೋಡಿದ. ಗನಿಸಾಬ, "ಬ್ಯಾಡಾದ್ರ ಬಿಡು ಬೇಟಾ, ಜುಲುಮಿ ಇಲ್ಲ" ಎಂದ. ಮುಬೀನನ ಕೈ ಮಾತ್ರ ಚಾಚಿದ್ದು ಚಾಚಿದಂತೆಯೇ ಇತ್ತು. ಕೌಸ್ತುಭ ಗ್ಲಾಸು ತೆಗೆದುಕೊಂಡು ಗಟಗಟ ಕುಡಿದ. ಮನೆಯಲ್ಲಿ ಹೇಳಲಿಲ್ಲ, ಹೇಳುವ ಕಾರಣವೂ ಇರಲಿಲ್ಲ. ಮರುದಿನ ಮತ್ತೆ ಬಂದ.

ಎಷ್ಟೋ ವರ್ಷ ಕಳೆದವು. ಕೌಸ್ತುಭ ಓದಲು ಹೊರಗೆ ಹೋದ, ಮಜೀದಸಾಬ ತೀರಿಕೊಂಡ, ಹಮೀದಾಬಿಯ ತಲೆ ಬೆಳ್ಳಗಾಯಿತು. ಮುಬೀನನಿಗೆ ಮೀಸೆ ಬಂತು, ಅವನ ಮುಷ್ಟಿ ಬೆಳೆದಂತೆ ಗನಿಸಾಬ ಕಲ್ಲಿನ ಕುಳಿಯನ್ನೂ ಕಡೆದು ಅಗಲ ಮಾಡುತ್ತ ಬಂದ. ಎರಡು ಸಾವಿರದ ಐದನೇ ಇಸವಿ ದಾಟಿದ ಮೇಲೆ, ಒಂದು ದಿನ ಕೌಸ್ತುಭ ಮತ್ತೆ ಆ ಬಾಗಿಲಲ್ಲಿ ನಿಂತ. ಇಸ್ತ್ರಿ ಅಂಗಿ, ಕೊರಳಲ್ಲಿ ಕಂಪನಿಯ ಹೆಸರಿದ್ದ ಗುರುತಿನ ಪಟ್ಟಿ.

ಕಂಪನಿ ಎಂದರೆ ಸಣ್ಣ ಪುಟ್ಟದ್ದಲ್ಲ. ಸಮುದ್ರದಾಚೆಯದು, ಜಗತ್ತಿನ ಅರ್ಧ ಕಂಪ್ಯೂಟರಿನೊಳಗೆ ಅದರದೇ ಜೀವ ಎನ್ನುತ್ತಿದ್ದರು. ಅದು ಈಗ ಆಟದ ಪೆಟ್ಟಿಗೆ ಮಾಡಿತ್ತು. ಕ್ಯಾಸೆಟ್ಟು ಬೇಡ, ಆಟಗಳು ಟೆಲಿಫೋನಿನ ತಂತಿಯಲ್ಲಿ ಬರುತ್ತವೆ. ಎಲ್ಲೋ ಕುಳಿತವರ ಜೊತೆ ಇಲ್ಲಿಂದಲೇ ಆಡಬಹುದು. ಸಣ್ಣ ಊರುಗಳ ಅಂಗಡಿಗಳಿಗೆ ಒಂದು ಯೋಜನೆಯೂ ಇತ್ತು: ಹಳೆಯದು ಕೊಡಿ, ಹೊಸದು ಒಯ್ಯಿರಿ. ಕಲಬುರ್ಗಿಯ ಸುತ್ತಿನ ಊರುಗಳನ್ನು ಕೌಸ್ತುಭ ನೋಡಿಕೊಳ್ಳುತ್ತಿದ್ದ.

ಗನಿಸಾಬ ಕೇಳಿದ್ದು ಒಂದೇ ಮಾತು. "ನಮ್ಮ ಮುಬೀನನ ಕಲ್ಲು ಅದಕ್ಕ ಹತ್ತತದೇನು?"

"ಈಗ ಹತ್ತಂಗಿಲ್ಲ ಕಾಕಾ. ಕಂಪನಿ ಕೈಹಿಡಿನೇ ಬೇಕು. ನಾ ಮ್ಯಾಲಿನವ್ರಿಗಿ ಕೇಳೀನಿ. ಇಂಥಾ ಹುಡುಗರ ಸಲುವಾಗಿ ಬ್ಯಾರೆ ಕೈಹಿಡಿ ಮಾಡಲಿಕತ್ತಾರಂತ, ಮುಂದಿನ ವರ್ಷ ಬರತದಂತ."

ಗನಿಸಾಬ ನಂಬಿದ. ಕಂಪನಿಯನ್ನಲ್ಲ, ಅದರ ಮುಖ ಅವನು ಕಂಡವನೇ ಅಲ್ಲ. ತನ್ನ ಮಗನ ಕೈಯಿಂದ ನೀರು ಕುಡಿದವನನ್ನು ನಂಬಿದ. ಕೌಸ್ತುಭ ಸುಳ್ಳು ಹೇಳಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅವನಿಗೆ ಮೇಲಿನವರು ಹೇಳಿದ್ದನ್ನು ಅವನು ಕೆಳಗಿನವರಿಗೆ ಹೇಳಿದ್ದ. ದೊಡ್ಡ ಕಂಪನಿಗಳಲ್ಲಿ ಮಾತು ಮೆಟ್ಟಿಲಿಳಿದು ಬರುತ್ತದೆ. ಯಾವ ಮೆಟ್ಟಿಲಲ್ಲಿ ಅದು ಸುಳ್ಳಾಯಿತು ಎಂದು ಹುಡುಕುತ್ತ ಹೋದರೆ ಕೈಗೆ ಯಾರೂ ಸಿಗುವುದಿಲ್ಲ.

ಗಾಡಿ ಬಂತು. ಹಳೆಯ ಸೆಟ್ಟು, ಕ್ಯಾಸೆಟ್ಟು, ಕೈಹಿಡಿ ಎಲ್ಲ ಏರಿದವು. ಕೊನೆಗೆ ಗನಿಸಾಬ ಮೂಲೆಯ ಕಲ್ಲನ್ನು ತಾನೇ ಎತ್ತಿಕೊಂಡು ಬಂದ.

"ಕಾಕಾ, ಇದು ಯಾಕ? ಇದನ್ನ ಇಟ್ಕೋರಿ. ಇದು ಯಾರೂ ಕೇಳಿಲ್ಲ" ಎಂದ ಕೌಸ್ತುಭ.

"ಇಲ್ಲಪಾ. ಹೊಸ ಪರಸಿ ಹಾಸಿದ ಮನಿಯಾಗ ಹಳೀ ಪರಸಿ ಇಡಬಾರದು. ಇಟ್ರ ಹೊಸದು ನಿಲ್ಲಂಗಿಲ್ಲ."

ಖಣಿಯವರ ನಂಬಿಕೆ ಅದು. ನೆಲ ಹೊಸದು ಮಾಡಿದರೆ ಕಿತ್ತ ಕಲ್ಲನ್ನು ಹೊಸ್ತಿಲಾಚೆ ಹಾಕಿ ಯಾರಿಗಾದರೂ ಕೊಟ್ಟುಬಿಡಬೇಕು. ಒಂದು ಚೂರು ಮನೆಯಲ್ಲಿ ಉಳಿದರೂ ಹೊಸ ಹಾಸು ಬಿರಿಯುತ್ತದೆ ಎನ್ನುತ್ತಾರೆ. ನೂರಾರು ಮನೆಗೆ ನೆಲ ಹಾಸಿದ್ದ ಗನಿಸಾಬ ಆ ನೇಮವನ್ನು ಒಮ್ಮೆಯೂ ಮುರಿದಿರಲಿಲ್ಲ. ಹಮೀದಾಬಿ ಬಾಗಿಲಲ್ಲಿ ನಿಂತು, "ಇದು ನೆಲ ಅಲ್ಲ, ಆಟ ಅದ" ಎಂದಳು. ಅವನು ಕೇಳಲಿಲ್ಲ. ಗಾಡಿ ಹೋದ ಮೇಲೆ ಮುಬೀನ ಖಾಲಿ ಮೂಲೆಯನ್ನು ನೋಡಿ, ತನ್ನ ಮುಷ್ಟಿಯನ್ನು ನೋಡಿ, ಅಪ್ಪನನ್ನು ನೋಡಿದ. "ಹೊಸದು ಬರತದ ಬೇಟಾ" ಎಂದು ಗನಿಸಾಬ ಸಮಾಧಾನ ಹೇಳಿದ.

ಹೊಸದು ಬಂತು. ಮಗನಿಗೆಂದು ಹೇಳಿದ ಕೈಹಿಡಿ ಬರಲಿಲ್ಲ. ಆ ವರ್ಷ ಮುಂದಿನ ವರ್ಷವಾಯಿತು, ಮುಂದಿನ ವರ್ಷ ಅದರ ಮುಂದಿನದಾಯಿತು. ಗನಿಸಾಬ ಇನ್ನೊಂದು ಪರಸಿ ತಂದು, ಕೆಮ್ಮುತ್ತಲೇ ಕಡೆದು, ಕಂಪನಿಯ ಕೈಹಿಡಿಯನ್ನು ಅದರೊಳಗೆ ಕೂಡಿಸಿದ. ಗುಂಡಿಗಳು ಸಣ್ಣವೇ ಉಳಿದವು. ಮುಬೀನ ಮುಷ್ಟಿಯ ಒಂದೇ ಗೆಣ್ಣಿನಿಂದ ಒತ್ತುವುದನ್ನು ಕಲಿತ. ಗೆಣ್ಣಿನ ತೊಗಲು ಸುಲಿದು ಹುಣ್ಣಾಯಿತು. ಹಮೀದಾಬಿ ಸಂಜೆ ಎಣ್ಣೆ ಹಚ್ಚುತ್ತ ಕೂಡುತ್ತಿದ್ದಳು, ಅವನು ಬೆಳಿಗ್ಗೆ ಮತ್ತೆ ಹೋಗಿ ಕೂಡುತ್ತಿದ್ದ. ಆ ಪೆಟ್ಟಿಗೆಯಲ್ಲೂ ಒಂದು ಕುಸ್ತಿಯ ಆಟವಿತ್ತು.

ಆದರೆ ಎದುರು ಯಾರೂ ಕುಳಿತಿರಲಿಲ್ಲ. ಹೊಸ ಪೆಟ್ಟಿಗೆಗೆ ಪಕ್ಕದವನು ಬೇಕಾಗಿಲ್ಲ. ಬಂದ ಹುಡುಗರು ಕಿವಿಗೆ ಬಟ್ಟಲಿನಂಥ ಹೆಡ್‌ಫೋನು ಹಾಕಿಕೊಂಡು ಒಬ್ಬೊಬ್ಬರೇ ಆಡಿ ಎದ್ದು ಹೋದರು. ಗೆದ್ದವನು ಯಾವ ದೇಶದವನೋ, ಸೋತವನು ವಾಡಿಯವನು. ನೀರಿನ ಕೊಡದ ಮೇಲೆ ಗ್ಲಾಸು ಬೋರಲು ಬಿದ್ದಿತ್ತು. ಮುಬೀನ ಮೊದಲ ಸಲ ಆ ಪೆಟ್ಟಿಗೆಯಲ್ಲಿ ಸೋತಾಗ ಸುತ್ತಲೂ ನೋಡಿದ, ಎಡಗೈ ಚಾಚಿದ. ಗನಿಸಾಬ ತಾನೇ ನೀರು ತುಂಬಿ ತಂದು, "ಅವರು ದೂರ ಇದ್ದಾರ ಬೇಟಾ. ನನ್ನ ಕಡಿ ಕಳಿಸ್ಯಾರ. ಇನ್ನೊಂದ್ ಕೈ ಆಡೂನು ಅಂದಾರ, ನೀ ಏಳಬ್ಯಾಡ" ಎಂದ. ಮುಬೀನ ಪರದೆಯ ಮೇಲೆ ಕುಣಿಯುತ್ತಿದ್ದ ಎದುರಾಳಿಯ ಪೈಲ್ವಾನನನ್ನು ಒಮ್ಮೆ ನೋಡಿ, ಸರಿ ಎಂಬಂತೆ ಕುಡಿದ. ದಿನಕ್ಕೊಮ್ಮೆ ಈ ಸುಳ್ಳು ನಡೆಯಿತು. ಗ್ಲಾಸು ಕೊಡುವಾಗಲೆಲ್ಲ ಗನಿಸಾಬನಿಗೆ ಆ ಹಳೆಯ ಕಲ್ಲು ನೆನಪಾಗಿ ಎದೆಯೊಳಗೆ ಚುಚ್ಚುತ್ತಿತ್ತು. ತನ್ನ ಕೈಯಾರೆ ಎತ್ತಿ ಕೊಟ್ಟಿದ್ದೆನಲ್ಲ ಎಂದು ಅವನು ಹೆಂಡತಿಯ ಎದುರು ಅತ್ತದ್ದೂ ಉಂಟು.

ಹಾಗಿದ್ದರೂ ಮುಬೀನ ಕುಳಿತಿದ್ದ. ಎಲ್ಲರೂ ಬಿಟ್ಟ ಮೇಲೂ ಹಳೆಯ ನಾಲ್ಕೈದು ಜನ ಸಂಜೆ ಬಂದು, ಉಸ್ತಾದ ಇವತ್ತು ಯಾರ ಬೆನ್ನು ನೆಲಕ್ಕೆ ಹಚ್ಚಿದ ಎಂದು ಕೇಳಿ ಹೋಗುತ್ತಿದ್ದರು. ಕುರ್ಚಿ ಅವನದಾಗಿತ್ತು. ಗನಿಸಾಬನಿಗೆ ಅಷ್ಟು ಸಾಕಾಗಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ ಮುಬೀನ ಆಡುತ್ತಿದ್ದ. ಗೆಲ್ಲುವ ಹೊತ್ತು, ಎದುರಾಳಿಯನ್ನು ಎತ್ತಿ ಹಿಡಿದಿದ್ದ. ಪರದೆ ಕಪ್ಪಾಯಿತು. ಒಂದು ಸಾಲು ಇಂಗ್ಲಿಷ್ ಅಕ್ಷರ ಬಂದು ನಿಂತಿತು, ಆಮೇಲೆ ಅದೂ ಹೋಯಿತು. ಪೆಟ್ಟಿಗೆ ಆರಿಸಿ ಹಚ್ಚಿದರೂ ಅಷ್ಟೇ. ಮೂರೂ ಪೆಟ್ಟಿಗೆ ಅಷ್ಟೇ.

"ಕರೆಂಟ್ ಹೋಗ್ಯಾದ ಬೇಟಾ" ಎಂದ ಗನಿಸಾಬ. ಕರೆಂಟ್ ಹೋದರೆ ಯಾರೂ ಸೋತಂತಲ್ಲ.

ಮುಬೀನ ತಲೆಯೆತ್ತಿ ಮೇಲೆ ನೋಡಿದ. ಫ್ಯಾನು ಗರಗರ ತಿರುಗುತ್ತಿತ್ತು.

ಅವನು ಎಡಗೈ ಚಾಚಿದ. ಗನಿಸಾಬ ಓಡಿ ನೀರು ತಂದು ಹಿಡಿದ. ಮುಬೀನ ತೆಗೆದುಕೊಳ್ಳಲಿಲ್ಲ. ಕಪ್ಪು ಪರದೆಯನ್ನು ತೋರಿಸಿ, ಬಹಳ ಹೊತ್ತು ಹೆಣಗಿ ಎರಡು ಮಾತು ಹೊರಗೆ ತಂದ. "ಯಾರು... ಗೆದ್ರು?"

ಅಲ್ಲಿ ಪೈಲ್ವಾನ ಕುಣಿಯುತ್ತಿದ್ದರೆ ಗನಿಸಾಬ ಅವನ ಹೆಸರು ಹೇಳಬಹುದಿತ್ತು. ಯಾರೂ ಇಲ್ಲದ ಕಡೆ ಯಾರ ಪರವಾಗಿ ಸುಳ್ಳು ಹೇಳುವುದು? ಹಮೀದಾಬಿ ಬಂದು ಗಲ್ಲ ಹಿಡಿದು ಕುಡಿಸಲು ನೋಡಿದಳು. ಮಗ ತುಟಿ ಬಿಚ್ಚಲಿಲ್ಲ. ವಾಡಿಯ ಬಿಸಿಲು, ಮೇಲೆ ಸಿಮೆಂಟು ಕಾರ್ಖಾನೆಯ ಧೂಳು. ಹೊತ್ತು ಏರಿದಂತೆ ಅವನ ತುಟಿ ಒಣಗಿ ಬಿಳಿಚಿದವು. ರೊಟ್ಟಿ ಮುಟ್ಟಲಿಲ್ಲ, ಕುರ್ಚಿ ಬಿಟ್ಟು ಏಳಲಿಲ್ಲ.

ಮಧ್ಯಾಹ್ನದ ಗಾಡಿಗೆ ಕೌಸ್ತುಭ ಬಂದ. ಕಂಕುಳಲ್ಲಿ ಗೋಣಿಚೀಲದಲ್ಲಿ ಸುತ್ತಿದ ಭಾರದ ಗಂಟು, ಕೊರಳಲ್ಲಿ ಕಂಪನಿಯ ಪಟ್ಟಿ. ಗನಿಸಾಬ ಅಭ್ಯಾಸದಂತೆ ಕುಂದ್ರಿ ಎಂದ. ಅವನು ಕೂಡಲಿಲ್ಲ.

"ಬಂದ್ ಮಾಡ್ಯಾರ ಕಾಕಾ. ಎಲ್ಲಾ ಕಡೀನೂ. ಹದಿನೈದು ದಿನದ ಹಿಂದನೇ ಗೊತ್ತಾಗಿತ್ತು. ನಿಮಗ ಹೇಳ್ಲಿಕ್ಕಿ ನನಗ ಮುಖ ಇರಲಿಲ್ಲ."

"ಯಾಕ? ನಾವೇನ್ ತಪ್ಪ ಮಾಡೀವಿ?"

"ನಿಮ್ಮದೇನಿಲ್ಲ. ಆಟ ಅವರ ಧಂದೆನೇ ಅಲ್ಲಂತ. ಮಂದಿ ತಮ್ಮ ಪೆಟಗಿ ಮನಿಯಾಗ ಇಟ್ಕೊಳ್ಳಲಿ, ತಮ್ಮ ತಂತಿಗಿ ರೂಢಿ ಆಗಲಿ ಅಂತ ಆಟ ತೋರ್ಸಿದ್ರಂತ. ಈಗ ಅವರ ಲಕ್ಷ್ಯ ಬ್ಯಾರೆ ಕಡಿ ಹೋಗ್ಯಾದ."

ಗನಿಸಾಬ, "ಬ್ಯಾಟಿಗಾರನೂ ಕಾಳು ಹಾಕತಾನಪಾ. ಹಕ್ಕಿ ಮ್ಯಾಲಿನ ಮಾಯಾಕ್ಕಲ್ಲ" ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕು ಚೆಲ್ಲಾಟವನ್ನೂ ಆಡಿರಲಿಲ್ಲ. ಆಟವೆಂದರೆ ಏನೆಂದೇ ತಿಳಿಯದವರ ಕೈಗೆ ಆಟ ಸಿಕ್ಕಿತ್ತು. ಒಬ್ಬನು ಸೋತರೆ ಇನ್ನೊಬ್ಬನು ಅವನ ಮುಖ ನೋಡಬೇಕು ಎಂಬಷ್ಟನ್ನು ಶಹಾಬಾದಿನ ಖಣಿಯ ಅಕ್ಷರ ಬಾರದ ಮಂದಿ ತಿಳಿದಿದ್ದರು.

"ಹಳೀ ಸೆಟ್ಟು?" ಎಂದು ಗನಿಸಾಬ ಕೇಳಿದ.

"ಅವಾಗೇ ಮುರದು ಹಾಕ್ಯಾರ. ಇದು ಒಂದು ಉಳದಿತ್ತು. ಗೋದಾಮಿನ ಬಾಗಿಲಿಗಿ ಆಸರಾ ಇಟ್ಟಿದ್ರು."

ಕೌಸ್ತುಭ ಗೋಣಿ ಬಿಚ್ಚಿದ. ಮುಬೀನನ ಕಲ್ಲು. ತಂತಿ ಕಿತ್ತಿತ್ತು, ಗುಬಟಿಗಳು ಇರಲಿಲ್ಲ, ಅವುಗಳ ಜಾಗದಲ್ಲಿ ತೂತುಗಳು. ಮುಬೀನ ಬಗ್ಗಿ ಬಲಮುಷ್ಟಿಯನ್ನು ಕುಳಿಯೊಳಗೆ ಇಟ್ಟ. ಕಂಪನಿಯ ಗುಂಡಿ ಒತ್ತಿ ಒತ್ತಿ ಗೆಣ್ಣು ಬಾತ ಮುಷ್ಟಿ ಅರ್ಧಕ್ಕೆ ನಿಂತಿತು. ಅವನು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡ.

"ಹಳೀ ಸೆಟ್ಟು ಎಲ್ಲೆರ ಹುಡುಕಿ ತರತೀನಿ ಕಾಕಾ" ಎಂದ ಕೌಸ್ತುಭ.

"ಸೆಟ್ಟು ಸಿಗಬಹುದು. ಎದುರ ಕೂಡವ್ರನ್ನ ಎಲ್ಲಿಂದ ತರತಿ?"

ಆಗ ಹಮೀದಾಬಿ ಮುಂದೆ ಬಂದಳು. ಅವಳು ಕಂಪನಿಯ ಮಂದಿಯೊಡನೆ ಎಂದೂ ಮಾತಾಡಿದವಳಲ್ಲ. "ಮುಂಜಾನಿಂದ ಹನಿ ನೀರು ಕುಡದಿಲ್ಲ ಹುಡುಗ. ಯಾರು ಗೆದ್ರು ಅಂತ ಕೇಳಾಕತ್ತಾನ. ನಿನ್ನ ಕೊಳ್ಳಾಗ ಅವರ ಪಟ್ಟಿ ಅದಲ್ಲಪಾ. ನೀನೇ ಕೊಡು."

ಕೌಸ್ತುಭ ಗನಿಸಾಬನನ್ನು ನೋಡಿದ. ಗನಿಸಾಬ ಬೇಡ ಅನ್ನಲಿಲ್ಲ. ಕೌಸ್ತುಭ ಕೊಡದ ಹತ್ತಿರ ಹೋಗಿ, ಬೋರಲು ಬಿದ್ದ ಗ್ಲಾಸು ತೊಳೆದು, ನೀರು ತುಂಬಿ ತಂದ. ಒಂದು ಕಾಲದಲ್ಲಿ ಅವನು ಕುಡಿದದ್ದು ಅದೇ ಗ್ಲಾಸಿನಿಂದ. ಮುಬೀನನ ಮುಂದೆ ಮೊಣಕಾಲೂರಿ ಗ್ಲಾಸು ಚಾಚಿದ. ಈ ಸಲ ಅರ್ಧ ನೀರು ಪರಸಿಯ ಮೇಲೆ ಚೆಲ್ಲಿದ್ದು ಅವನ ಕೈಯಿಂದ. ಮುಬೀನ ಅವನ ಮುಖ ನೋಡಿದ, ಕೊರಳ ಪಟ್ಟಿ ನೋಡಿದ. ಉತ್ತರ ಸಿಕ್ಕಿತೆಂಬಂತೆ ತಲೆಯಾಡಿಸಿ, ಗ್ಲಾಸು ತೆಗೆದುಕೊಂಡು ಕೊನೆಯ ಹನಿಯವರೆಗೆ ಕುಡಿದ.

ಹಮೀದಾಬಿ ನಿಟ್ಟುಸಿರು ಬಿಟ್ಟಳು. ಗನಿಸಾಬನಿಗೆ ಮುಂದಿನದು ಆ ಕ್ಷಣಕ್ಕೆ ಹೊಳೆದಿರಲಿಲ್ಲ.

ಮುಬೀನ ಗ್ಲಾಸನ್ನು ಬೋರಲಿಟ್ಟು, ಎಡಗೈಯನ್ನು ಕುರ್ಚಿಗೆ ಊರಿ, ಎದ್ದು ನಿಂತ. ಸೋತವ ಏಳಬೇಕು. ಮುಂದಿನವನಿಗೆ ಜಾಗ ಬಿಟ್ಟು, ಹೋಗಿ ಗೋಡೆಗೆ ಆತು ನಿಂತ. ಗನಿಸಾಬ ಬಾಯಿ ತೆರೆದ. ಕಂಡಕಂಡವರಿಗೆ ಹೇಳಿದ ಕುಂದ್ರಿ ಎಂಬ ಆ ಮಾತನ್ನು ಮಗನಿಗೆ ಹೇಳುವಂತಿರಲಿಲ್ಲ. ಕಟ್ಟಳೆ ಹಾಕಿದವನು ಅವನೇ. ಕುರ್ಚಿ ಖಾಲಿ ಇತ್ತು. ಮುಬೀನ ಗೋಡೆಗೆ ನಿಂತು, ಅದರಲ್ಲಿ ಬಂದು ಕೂಡುವವರು ಯಾರೆಂದು ಬಾಗಿಲ ಕಡೆಗೆ ನೋಡುತ್ತಿದ್ದ.